ಕೈ ಹಿಡಿದುಕೊಂಡ ಬೆಳಿಗ್ಗೆ, ಬಾಗಿಲಲ್ಲಿ ಸಭೆಯವರು

ಪ್ರಶ್ನೆ: ನಾನು ಮಂಡ್ಯದವಳು, ವಯಸ್ಸು 34. ನಮ್ಮ ಯಜಮಾನರು ಇಲ್ಲಿನ ಒಂದು ಸಣ್ಣ ಕ್ರೈಸ್ತ ಸಭೆಯ ಪಾಲಕರು (ಪಾಸ್ಟರ್). ಮಗಳಿಗೆ 7 ವರ್ಷ, ಮಗನಿಗೆ ಎರಡೂವರೆ. ಮಗ ಹುಟ್ಟಿ ಕೆಲವು ತಿಂಗಳಿಗೆ ನನ್ನ ಬೆರಳು, ಮಣಿಕಟ್ಟು ಊದಿಕೊಳ್ಳಲು ಶುರುವಾಯಿತು. ಬಾಣಂತನದ ಶೀತ ಅಂದುಕೊಂಡೆವು. ಆಮೇಲೆ ಮೈಸೂರಿನ ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುವಾತ) ಅಂದರು. ಈಗ ಶನಿವಾರ ರಾತ್ರಿ ಕಾಯಿಲೆ ಹತೋಟಿಗೆ ಮೆಥೊಟ್ರೆಕ್ಸೇಟ್ ಮಾತ್ರೆ, ಬೇರೆ ದಿನ ಫೋಲಿಕ್ ಆಸಿಡ್, ದಿನಾ ಬೆಳಿಗ್ಗೆ ಸ್ವಲ್ಪ ಸ್ಟಿರಾಯ್ಡ್ ತೆಗೆದುಕೊಳ್ಳುತ್ತೇನೆ. ನೋವು ಜಾಸ್ತಿಯಾದರೆ ಮೆಡಿಕಲ್‌ನಿಂದ ಒಂದು ನೋವಿನ ಮಾತ್ರೆ ತರಿಸುತ್ತೇನೆ. ಭಾನುವಾರ ಸಂಡೇ ಸ್ಕೂಲ್ ನನ್ನದೇ. ಬುಧವಾರ ಸ್ತ್ರೀಯರ ಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ನಡುವೆ ಮನೆ ಭೇಟಿಗಳು. ಬೆಳಿಗ್ಗೆ ಮಗ 'ಎತ್ಕೋ' ಅಂದರೆ ಎತ್ತಿಕೊಳ್ಳಲು ಆಗುವುದಿಲ್ಲ. 'ವಿಶ್ವಾಸ ಇದ್ದಿದ್ದರೆ ಇಷ್ಟು ಹೊತ್ತಿಗೆ ವಾಸಿಯಾಗಬೇಕಿತ್ತು' ಅಂತ ಸಭೆಯ ಹಿರಿಯರೊಬ್ಬರು ಹೇಳಿದರು. ಪ್ರಾರ್ಥಿಸಿ ಮಾತ್ರೆ ಬಿಟ್ಟುಬಿಡು ಅಂದವರೂ ಇದ್ದಾರೆ. ಮಗಳು ಪ್ರತಿ ರಾತ್ರಿ ನನಗಾಗಿ ಪ್ರಾರ್ಥಿಸಿ, 'ಯೇಸಪ್ಪ ಯಾಕೆ ಇನ್ನೂ ವಾಸಿ ಮಾಡಿಲ್ಲ?' ಅಂತ ಕೇಳುತ್ತಾಳೆ. ನಾನು ಸೇವೆ ಬಿಡಬೇಕಾ? (ಹೆಸರು ಬೇಡ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ತಂಗಿ. ಸೇವೆ ಬಿಡಬೇಕಾಗಿಲ್ಲ. ಆದರೆ ಈಗ ಮಾಡುತ್ತಿರುವ ಹಾಗೇ ಮುಂದುವರಿಸಲೂ ಆಗುವುದಿಲ್ಲ. ನಿಮ್ಮ ವಾರದ ಪಟ್ಟಿ ನೋಡಿದರೆ ಗಟ್ಟಿಮುಟ್ಟಾಗಿರುವವರಿಗೇ ಸುಸ್ತಾಗುತ್ತದೆ. ಅದರಲ್ಲಿ ಅಡುಗೆ, ಬಟ್ಟೆ, ಮಗಳ ಹೋಂವರ್ಕ್, ಬಂದವರಿಗೆ ಕಾಫಿ ಯಾವುದನ್ನೂ ನೀವು ಬರೆದೇ ಇಲ್ಲ. ಅವೆಲ್ಲ ಕೆಲಸವೇ ಅಲ್ಲ ಅಂದುಕೊಂಡಿದ್ದೀರಿ, ಅಲ್ವಾ?

ನಾನು ನರ್ಸ್ ಆಗಿದ್ದವಳು. ಈಗ ಮೈಸೂರಿನಲ್ಲಿ ದೀರ್ಘಕಾಲದ ಕಾಯಿಲೆ ಇರುವವರ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ. ಬೆಳೆದದ್ದು ಸಭೆಯೊಳಗೆ. ಹಾಗಾಗಿ ಮಾತ್ರೆಯ ಬಗ್ಗೆಯೂ ಹೇಳುತ್ತೇನೆ, ವಚನದ ಬಗ್ಗೆಯೂ ಹೇಳುತ್ತೇನೆ. ಮಾತ್ರೆ ಎಷ್ಟು, ಯಾವಾಗ ಅನ್ನುವುದರಲ್ಲಿ ಮಾತ್ರ ನಿಮ್ಮ ಡಾಕ್ಟರ ಮಾತೇ ಕೊನೆ.

ಮೊದಲು ಆ ಬಾಣಂತನದ ಶೀತವನ್ನು ಮನಸ್ಸಿನಿಂದ ತೆಗೆದುಹಾಕಿ. ನಮ್ಮ ಕಡೆ ಹೆತ್ತವಳಿಗೆ ಏನೇ ಆದರೂ ಬಾಣಂತನ ಸರಿಯಾಗಿ ಆಗಲಿಲ್ಲ ಅಂತಾರೆ. ತಲೆಗೆ ಬಟ್ಟೆ ಕಟ್ಟಲಿಲ್ಲ, ತಣ್ಣೀರು ಮುಟ್ಟಿದಳು, ಬೇಗ ಎದ್ದು ಓಡಾಡಿದಳು. ಅಂದರೆ ತಪ್ಪು ನಿಮ್ಮದು, ಇಲ್ಲದಿದ್ದರೆ ನಿಮ್ಮ ಅಮ್ಮನದು. ನಿಜ ಏನೆಂದರೆ, ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ಕೀಲುಗಳ ಒಳಪದರದ ಮೇಲೇ ತಿರುಗಿಬೀಳುವುದರಿಂದ ಈ ಕಾಯಿಲೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು 2–3 ಪಟ್ಟು ಜಾಸ್ತಿ. ಹೆರಿಗೆಯಾದ ನಂತರದ ತಿಂಗಳುಗಳಲ್ಲಿ ಮೊದಲ ಸಲ ಕಾಣಿಸಿಕೊಳ್ಳುವುದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಮೊದಲೇ ಕಾಯಿಲೆ ಇರುವವರಿಗೂ ಬಸಿರಿನಲ್ಲಿ ನೋವು ಇಳಿದು, ಹೆರಿಗೆಯ ಮೇಲೆ ಮತ್ತೆ ಕೆರಳುವುದುಂಟು. ನಿಮ್ಮ ಅಮ್ಮ ಇನ್ನಷ್ಟು ಬಿಸಿನೀರು ಹುಯ್ದಿದ್ದರೂ ಇದು ನಿಲ್ಲುತ್ತಿರಲಿಲ್ಲ. ಈ ಮಾತನ್ನು ಅವರಿಗೂ ಹೇಳಿ. ಅವರೂ ಒಳಗೊಳಗೇ ಕೊರಗುತ್ತಿರಬಹುದು.

ಇನ್ನು ಶನಿವಾರ ರಾತ್ರಿಯ ಮಾತ್ರೆ. ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ಮೆಥೊಟ್ರೆಕ್ಸೇಟ್ ತೆಗೆದುಕೊಂಡ ಮರುದಿನ ತುಂಬಾ ಜನರಿಗೆ ವಾಕರಿಕೆ, ತಲೆಭಾರ, ಮೈಯೆಲ್ಲ ಸೋತ ಹಾಗೆ ಇರುತ್ತದೆ. ನೀವು ಶನಿವಾರ ತೆಗೆದುಕೊಂಡು, ವಾರದಲ್ಲೇ ಭಾರದ ದಿನವಾದ ಭಾನುವಾರ ಸೀರೆ ಉಟ್ಟು, ಇಬ್ಬರು ಮಕ್ಕಳನ್ನು ತಯಾರು ಮಾಡಿ, ಸಂಡೇ ಸ್ಕೂಲ್ ನಡೆಸಿ, ಆರಾಧನೆ ಮುಗಿದ ಮೇಲೆ ಎಲ್ಲರನ್ನೂ ನಗುನಗುತ್ತಾ ಮಾತಾಡಿಸಬೇಕು. ನಿಮ್ಮ ವಿಶ್ವಾಸದಲ್ಲಿ ಕೊರತೆ ಇಲ್ಲ, ಮಾತ್ರೆಯ ದಿನ ಸರಿ ಇಲ್ಲ. ದಿನ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಭಾನುವಾರ ಅಥವಾ ಸೋಮವಾರ ರಾತ್ರಿಗೆ ಹೋದರೆ ಮರುದಿನ ಮನೆಯಲ್ಲಿ ನಿಧಾನವಾಗಿರಬಹುದು. ಆದರೆ ನೀವೇ ಬದಲಿಸಬೇಡಿ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ಮರೆತು ಎರಡು ಸಲವೋ, ದಿನಾ ನುಂಗುವ ಮಾತ್ರೆ ಅಂದುಕೊಂಡೋ ತೆಗೆದುಕೊಂಡವರು ಪ್ರಾಣಾಪಾಯಕ್ಕೆ ಸಿಕ್ಕಿದ್ದಾರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುಂಡು ಸುತ್ತಿ, ನುಂಗಿದ ತಕ್ಷಣ ಟಿಕ್ ಹಾಕಿ. ಎರಡೂವರೆ ವರ್ಷದ ಮಗನ ಕೈಗೆ ಸಿಗದ ಹಾಗೆ ಮೇಲೆ ಇಡಿ. ಜ್ವರ, ಬಾಯಿಹುಣ್ಣು, ಬಿಡದ ಒಣಕೆಮ್ಮು, ಉಸಿರಾಟದ ತೊಂದರೆ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅವರು ಹೇಳಿದ ರಕ್ತಪರೀಕ್ಷೆಗಳನ್ನು ತಪ್ಪಿಸಬೇಡಿ. ನೋವು ಕಡಿಮೆ ಇದೆ ಅಂತ ಪರೀಕ್ಷೆ ಬಿಡುವವರು ಜಾಸ್ತಿ. ಈ ಮಾತ್ರೆ ಲಿವರ್‌ಗೆ, ರಕ್ತಕಣಗಳಿಗೆ ಏನು ಮಾಡುತ್ತಿದೆ ಅನ್ನುವುದು ನೋವಿನಿಂದ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಈ ಮಾತ್ರೆ ನುಂಗುತ್ತಿರುವಾಗ ಬಸಿರಾಗಬಾರದು. ಮಗುವಿಗೆ ದೊಡ್ಡ ಅಪಾಯ. ಇನ್ನೊಂದು ಮಗು ಬೇಕು ಅನ್ನುವ ಮಾತು ಮನೆಯಲ್ಲಿ ಇದ್ದರೆ ಕೆಲವು ತಿಂಗಳು ಮೊದಲೇ ಡಾಕ್ಟರಿಗೆ ಹೇಳಬೇಕು. ಬೇಡ ಅಂದರೆ ಸರಿಯಾದ ಗರ್ಭನಿರೋಧಕ ಬೇಕು. ಸಭೆಯವರ ಮನೆಗಳಲ್ಲಿ ಈ ಮಾತು ಆಡಲು ನಾಚಿಕೆ. ಡಾಕ್ಟರ ಕೋಣೆಯಲ್ಲಿ ಆ ನಾಚಿಕೆ ಬೇಡ.

ಶುಕ್ರವಾರದ ಉಪವಾಸಕ್ಕೆ ಬರುತ್ತೇನೆ. ಖಾಲಿ ಹೊಟ್ಟೆಗೆ ಸ್ಟಿರಾಯ್ಡ್, ಮೇಲೊಂದು ನೋವಿನ ಮಾತ್ರೆ. ಹೊಟ್ಟೆಹುಣ್ಣು, ರಕ್ತಸ್ರಾವ ಆಗುವುದು ಹೀಗೆಯೇ. ಉಪವಾಸ ಅಂತ ಆ ದಿನದ ಸ್ಟಿರಾಯ್ಡ್ ಬಿಡೋಣ ಅಂದರೆ ಅದೂ ತಪ್ಪು. ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡನ್ನು ತಟ್ಟಂತ ನಿಲ್ಲಿಸಬಾರದು. ಅಷ್ಟು ದಿನ ಹೊರಗಿನಿಂದ ಸಿಗುತ್ತಿದ್ದದ್ದನ್ನು ದೇಹ ತಾನಾಗಿ ತಯಾರಿಸುವುದು ಕಡಿಮೆ ಮಾಡಿರುತ್ತದೆ. ಒಮ್ಮೆಲೇ ನಿಂತರೆ ವಾಂತಿ, ಬಿಪಿ ಇಳಿಯುವುದು, ತಲೆಸುತ್ತಿ ಬೀಳುವುದು ಆಗಬಹುದು. ಮೆಡಿಕಲ್‌ನಿಂದ ಸುಮ್ನೆ ತರಿಸುವ ನೋವಿನ ಮಾತ್ರೆ ಕಿಡ್ನಿಗೂ ಒಳ್ಳೆಯದಲ್ಲ, ಮೆಥೊಟ್ರೆಕ್ಸೇಟ್ ಜೊತೆ ಇನ್ನೂ ಜಾಗ್ರತೆ ಬೇಕು. ಅದರ ಸ್ಟ್ರಿಪ್ಪನ್ನು ಡಾಕ್ಟರಿಗೆ ತೋರಿಸಿ. ಯಾರಾದರೂ ನಾಟಿ ಔಷಧಿ ಅಂತ ಹೆಸರಿಲ್ಲದ ಪುಡಿ ತಂದುಕೊಟ್ಟರೆ ಬೇಡ ಅನ್ನಿ. ಅಂಥ ಪುಡಿಗಳಲ್ಲಿ ಕದ್ದು ಸ್ಟಿರಾಯ್ಡ್ ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯ ಆಯಿತು ಅಂತ ಹೊಗಳುವುದು ಅದಕ್ಕೇ.

ಅಂದರೆ ಉಪವಾಸ ಪ್ರಾರ್ಥನೆಗೆ ಹೋಗಬಾರದಾ? ಹೋಗಿ. ತಿಂಡಿ ತಿಂದು, ಮಾತ್ರೆ ನುಂಗಿ ಹೋಗಿ. ಕೇಳಿದವರಿಗೆ 'ಡಾಕ್ಟರು ಬೇಡ ಅಂದಿದ್ದಾರೆ' ಅನ್ನಿ, ಅಷ್ಟೇ. ಇದನ್ನು ಮುಚ್ಚಿಟ್ಟು, ಉಪವಾಸ ಇರುವವರ ಹಾಗೆ ಕೂರುವುದು ನನಗೆ ಸರಿ ಕಾಣುವುದಿಲ್ಲ. ನೀವು ಬಾಯಿಬಿಟ್ಟರೆ, ಅದೇ ಚಾಪೆಯ ಮೇಲೆ ಶುಗರ್ ಮಾತ್ರೆ ಬಿಟ್ಟು ಕೂತಿರುವ ಯಾರೋ ಅಜ್ಜಿಗೂ ಧೈರ್ಯ ಬರುತ್ತದೆ. ಈಸ್ಟರ್‌ಗೆ ಮೊದಲು ಬರುವ ಲೆಂಟ್ ಉಪವಾಸದ ದಿನಗಳಲ್ಲಂತೂ ಈ ಮಾತು ಯಾರಾದರೂ ಮೊದಲು ಆಡಲೇಬೇಕು.

ಈಗ ಆ ಹಿರಿಯರ ಮಾತು. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಆ ಮಾತು ಕೆಟ್ಟದ್ದು. ಬೈಬಲ್ ಕೂಡ ಹಾಗೆ ಮಾತಾಡುವುದಿಲ್ಲ. ಎಷ್ಟೋ ಜನರನ್ನು ಗುಣಪಡಿಸಿದ ಅಪೊಸ್ತಲ ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಅನ್ನುವ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಅಂತ ಬರೆಯುತ್ತಾನೆ. ಅವನಿಗೆ ವಿಶ್ವಾಸ ಸಾಲಲಿಲ್ಲ ಅಂತ ಒಂದು ಅಕ್ಷರ ಸೇರಿಸುವುದಿಲ್ಲ. ಆಗಾಗ ಹುಷಾರು ತಪ್ಪುತ್ತಿದ್ದ ಶಿಷ್ಯ ತಿಮೊಥೆಗೆ ಹೊಟ್ಟೆಗೆ ಏನು ಕುಡಿಯಬೇಕು ಅಂತ ಹೇಳುತ್ತಾನೆ. ಪೌಲನ ಜೊತೆಗಾರ ಲೂಕ ವೈದ್ಯ. ಇನ್ನೊಬ್ಬ ಜೊತೆಗಾರ ಎಪಫ್ರೊದೀತ ಸೇವೆಯ ನಡುವೆಯೇ ಸಾಯುವಷ್ಟು ಕಾಯಿಲೆ ಬಿದ್ದಾಗ, ಅವನನ್ನು ಊರಿಗೆ ಕಳಿಸಿ, ಇಂಥವರನ್ನು ಗೌರವಿಸಿ ಅಂತ ಫಿಲಿಪ್ಪಿ ಊರಿನ ಸಭೆಯವರಿಗೆ ಹೇಳಿ ಕಳಿಸುತ್ತಾನೆ. ಇನ್ನು ಪೌಲನ ಶರೀರದಲ್ಲೇ ಇದ್ದ, ಅವನೇ 'ಮುಳ್ಳು' ಅಂತ ಕರೆದ ಬಾಧೆ. ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ಆ ಹಿರಿಯರು ಪೌಲನಿಗೂ ಹೀಗೇ ಹೇಳುತ್ತಿದ್ದರಾ?

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನೇ ನೋಡಿ, ಜನ ಈಗಲೂ ಮಿಷನ್ ಆಸ್ಪತ್ರೆ ಅಂತಾರೆ. ಇಂಗ್ಲೆಂಡಿನ ವೆಸ್ಲಿಯನ್ ಕ್ರೈಸ್ತ ಮಿಷನ್‌ನವರು ನೂರು ವರ್ಷಕ್ಕೂ ಹಿಂದೆ ಅದನ್ನು ಕಟ್ಟಿದ್ದು ಹೆಂಗಸರಿಗೆ, ಮಕ್ಕಳಿಗೆ ಔಷಧಿ ಕೊಡಲು. ಅದನ್ನು ಕಟ್ಟಿದವರು ಪ್ರಾರ್ಥನೆ ಮಾಡುವವರೇ. ಮಾತ್ರೆ ನುಂಗುವುದು ಅವಿಶ್ವಾಸ ಅನ್ನುವ ಮಾತು ನಮ್ಮ ಸೀಮೆಯ ಸಭೆಗಳಿಗೆ ಹೊಂದುವುದಿಲ್ಲ.

ಎಣ್ಣೆ ಹಚ್ಚಿ ಪ್ರಾರ್ಥಿಸಲು ಹಿರಿಯರನ್ನು ಕರೆಯಿರಿ ಅಂತ ಯಾಕೋಬನ ಪತ್ರಿಕೆ ಹೇಳುತ್ತದೆ. ಕರೆಯಿರಿ. ನೀವು ಬೇರೆಯವರಿಗೆ ಪ್ರಾರ್ಥಿಸುತ್ತೀರಿ, ನಿಮಗೆ ಪ್ರಾರ್ಥಿಸುವವರು ಯಾರು? ಅಯ್ಯನವರ (ಪಾಲಕರ) ಮನೆಯವರು ಕಾಯಿಲೆ ಬೀಳಬಾರದು ಅಂತ ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರೂ ಹಾಗೇ ನಡೆದುಕೊಳ್ಳುತ್ತಾರೆ.

ನಿಮ್ಮ ಪತ್ರ ಓದುತ್ತಾ ನನಗೆ ನೆನಪಾದದ್ದು ಇನ್ನೊಬ್ಬ ಯಾಕೋಬ, ಆದಿಕಾಂಡದವನು. ರಾತ್ರಿಯಿಡೀ ಹೋರಾಡಿ ಅವನ ತೊಡೆಯ ಕೀಲು ತಪ್ಪಿದೆ, ಕುಂಟುತ್ತಿದ್ದಾನೆ. ಅವನ ಹಿಂದೆ ಹೆಂಡಿರು, ಸಣ್ಣ ಮಕ್ಕಳು, ಹಾಲು ಕುಡಿಸುವ ಕುರಿದನ. ಎದುರಿಗೆ ಅಣ್ಣ ಏಸಾವ ನಾನೂರು ಜನರ ಜೊತೆ ನಿಂತು, ನಡಿ ಒಟ್ಟಿಗೆ ಹೋಗೋಣ ಅನ್ನುತ್ತಾನೆ. ಯಾಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಒಂದೇ ದಿನ ಜೋರಾಗಿ ಹೊಡೆದುಕೊಂಡು ಹೋದರೆ ಮಂದೆ ಸಾಯುತ್ತದೆ, ನೀನು ಮುಂದೆ ಹೋಗು, ನಾನು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಅಂತಾನೆ. ಆದಿಕಾಂಡ 33ನೇ ಅಧ್ಯಾಯ. ಈ ಭಾಗದ ಮೇಲೆ ಪ್ರಸಂಗ ಕೇಳಿದ್ದು ನನಗೆ ಕಡಿಮೆ. ಏಸಾವನಿಗೆ ಹೆದರಿ ನೆಪ ಹೇಳಿದ ಅನ್ನುವವರೂ ಇದ್ದಾರೆ. ಇರಲಿ. ನೆಪವೇ ಆಗಿದ್ದರೂ ಲೆಕ್ಕ ಸರಿಯಾಗಿದೆ.

ನಿಮಗೆ ನಾನು ಹೇಳಬೇಕಾದ್ದು ಇಷ್ಟೇ. ನಿಮ್ಮ ವಾರವನ್ನು ಒಳ್ಳೆಯ ದಿನ ನೋಡಿ ಕಟ್ಟಬೇಡಿ, ಕೆಟ್ಟ ದಿನ ನೋಡಿ ಕಟ್ಟಿ. ಈಗ ನೀವು ಮಾಡುತ್ತಿರುವುದು ಸಂಬಳ ಬಂದ ದಿನದ ಕೈ ನೋಡಿ ಇಡೀ ತಿಂಗಳ ಖರ್ಚು ಬರೆದ ಹಾಗೆ. ಕೈ ಹಗುರ ಅನ್ನಿಸಿದ ಮಂಗಳವಾರ ಮೂರು ಮನೆ ಭೇಟಿ ಒಪ್ಪಿಕೊಳ್ಳುತ್ತೀರಿ, ಮನೆ ಪೂರ್ತಿ ಒರೆಸುತ್ತೀರಿ. ಬುಧವಾರ, ಗುರುವಾರ ಹಾಸಿಗೆ. ಈ ಕಾಯಿಲೆಯಲ್ಲಿ ಸುಸ್ತು ಕೂಡ ಕಾಯಿಲೆಯದ್ದೇ ಭಾಗ, ಸೋಮಾರಿತನ ಅಲ್ಲ. ಒಳ್ಳೆಯ ದಿನವೂ ನಡುವೆ ಮಲಗಿ ಎದ್ದರೆ ಮರುದಿನ ಅಷ್ಟು ಕುಸಿಯುವುದಿಲ್ಲ.

ಹಾಗಾದರೆ ಯಾವ ಸೇವೆ ಇಟ್ಟುಕೊಳ್ಳುವುದು? ನಾನಾದರೆ ಒಂದನ್ನು ಆರಿಸಿಕೊಳ್ಳಿ ಅನ್ನುತ್ತೇನೆ, ಅದೂ ಬೆಳಿಗ್ಗೆಯದ್ದು ಬೇಡ. ಈ ಕಾಯಿಲೆಯಲ್ಲಿ ಬೆಳಿಗ್ಗೆ ಕೀಲು ಬಿಗಿದುಕೊಂಡಿರುತ್ತವೆ, ಸಡಿಲವಾಗಲು ಒಂದು ಗಂಟೆ, ಕೆಲವರಿಗೆ ಅದಕ್ಕಿಂತ ಜಾಸ್ತಿ ಬೇಕು. ಸ್ತ್ರೀಯರ ಕೂಟ ಮಧ್ಯಾಹ್ನ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ಚಾಪೆಯ ಮೇಲೆ ಬೇಡ, ಕುರ್ಚಿಯಲ್ಲಿ ಕೂತು. ಸಂಡೇ ಸ್ಕೂಲನ್ನು ಯುವಜನರ ಕೈಗೆ ಕೊಡಿ. ಪಾಠ ತಯಾರಿಸಿಕೊಡುವುದು, ಅವರಿಗೆ ಕಲಿಸುವುದು ಮಾತ್ರ ನಿಮ್ಮದಾಗಿರಲಿ, ಅದು ಮನೆಯಲ್ಲೇ ಆಗುತ್ತದೆ. ಕಾಲೇಜು ಓದುವ ಇಬ್ಬರು ಹುಡುಗಿಯರು ನಿಮ್ಮಷ್ಟು ಚೆನ್ನಾಗಿ ನಡೆಸದೇ ಇರಬಹುದು. ಮೊದಲ ತಿಂಗಳು ಗಲಾಟೆಯೇ ಆಗಬಹುದು. ಆಗಲಿ. ಅವರು ಕಲಿಯುವುದು ಹಾಗೆಯೇ. ಮನೆ ಭೇಟಿಯನ್ನು ಫೋನಿಗೆ ಬದಲಿಸಿ. ಆಸ್ಪತ್ರೆಯಿಂದ ಬಂದವರಿಗೆ ಫೋನಿನಲ್ಲೇ ಒಂದು ಕೀರ್ತನೆ ಓದಿ ಪ್ರಾರ್ಥಿಸಿದರೆ ಅದು ಕಡಿಮೆಯ ಸೇವೆ ಅಲ್ಲ. ಮೇ ತಿಂಗಳ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಾಲೆ), ಡಿಸೆಂಬರ್ ಚಳಿಯಲ್ಲಿ ರಾತ್ರಿ ಹೊತ್ತು ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ತಂಡದ ಜೊತೆ ತಿರುಗುವುದು, ಇವೆರಡಕ್ಕೂ ಈಗಲೇ ಇಲ್ಲ ಅನ್ನಿ. ಒಂದೇ ವಾರ ಮೊದಲು ಇಲ್ಲ ಅಂದರೆ ಜನರಿಗೆ ಬೇಜಾರಾಗುತ್ತದೆ, ನಾಲ್ಕು ತಿಂಗಳ ಮೊದಲೇ ಹೇಳಿದರೆ ಬೇರೆಯವರನ್ನು ಹುಡುಕುತ್ತಾರೆ.

ಈ ಮಾತನ್ನು ಸಭೆಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಕಮಿಟಿಯ ಮೀಟಿಂಗಿನಲ್ಲಿ, ತಗ್ಗಿದ ದನಿಯಲ್ಲಿ ಕ್ಷಮೆ ಕೇಳುವ ಹಾಗೆ ಅಲ್ಲ, ಸುಣ್ಣಬಣ್ಣದ ಖರ್ಚು ಹೇಳುವಷ್ಟು ಸಹಜವಾಗಿ. 'ನಮ್ಮ ಮನೆಯವರಿಗೆ ಕೀಲಿನ ಕಾಯಿಲೆ ಇದೆ, ಬುಧವಾರದ ಕೂಟ ಅವರು ನೋಡಿಕೊಳ್ಳುತ್ತಾರೆ, ಉಳಿದದ್ದಕ್ಕೆ ಬೇರೆಯವರು ಬೇಕು, ಬೆಳಿಗ್ಗೆ 10ರೊಳಗೆ ಮನೆಗೆ ಬರುವುದು ಬೇಡ.' ಸಭೆ ಪಾಲಕರನ್ನು ನೇಮಿಸಿಕೊಂಡಿದೆ, ಅವರ ಹೆಂಡತಿಯನ್ನಲ್ಲ. ಸೇವೆಯ ಕರೆ ನಿಮಗೂ ಇದೆ ಅಂತ ನನಗೆ ಗೊತ್ತು. ಆದರೆ ಖಾಲಿ ಬಿದ್ದ ಜಾಗವನ್ನೆಲ್ಲ ತುಂಬುವುದು ಕರೆ ಅಲ್ಲ. ಬೆಳಗ್ಗಿಂದ ಸಂಜೆ ತನಕ ಒಬ್ಬನೇ ಕೂತು ನ್ಯಾಯ ಹೇಳುತ್ತಿದ್ದ ಮೋಶೆಗೆ ಅವನ ಮಾವ ಬಂದು ಹೇಳಿದ್ದೂ ಅದನ್ನೇ. ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅಂತ.

ಮನೆಯೊಳಗಿನ ಕೆಲಸ. ಮಂಡ್ಯದ ಮನೆ, ಮುದ್ದೆ ಇಲ್ಲದೆ ಆಗುವುದಿಲ್ಲ. ಊದಿದ ಮಣಿಕಟ್ಟಿಗೆ ಮುದ್ದೆ ತಿರುವುವಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ. ಬಿಸಿ ಪಾತ್ರೆ ಅದುಮಿ ಹಿಡಿದು, ಗಟ್ಟಿ ಹಿಟ್ಟಿನಲ್ಲಿ ಕೋಲು ತಿರುಗಿಸಬೇಕು. ಅದು ನಿಮ್ಮ ಯಜಮಾನರ ಕೆಲಸವಾಗಲಿ. ಕಲಿಯಲು ಕಷ್ಟವೇನಿಲ್ಲ, ಗಂಟಾದರೆ ಗಂಟು ತಿನ್ನಿ. ಬಟ್ಟೆ ಹಿಂಡುವುದು, ಬಿಂದಿಗೆ ಎತ್ತುವುದು, ತುಂಬಿದ ಕುಕ್ಕರ್ ಇಳಿಸುವುದು, ಕಾಯಿ ತುರಿಯುವುದು ಇವೂ ಅದೇ ಸಾಲಿಗೆ. ಬ್ಯಾಗನ್ನು ಬೆರಳಲ್ಲಿ ನೇತುಹಾಕಿಕೊಳ್ಳಬೇಡಿ, ಹೆಗಲಿಗೆ ಹಾಕಿ. ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ಬೆರಳನ್ನು ಮೆಲ್ಲಗೆ ಮಡಚಿ ಬಿಡಿಸಿ. ಊದಿಕೊಂಡಿರುವ ಕೀಲನ್ನು ಯಾರಿಂದಲೂ ಗಟ್ಟಿಯಾಗಿ ಎಣ್ಣೆ ಹಾಕಿ ತಿಕ್ಕಿಸಬೇಡಿ. ಅತ್ತೆಯವರು ಪ್ರೀತಿಯಿಂದಲೇ ಬರುತ್ತಾರೆ, ಆದರೂ ಬೇಡ.

ಮಗ 'ಎತ್ಕೋ' ಅಂದಾಗ ಎತ್ತಬೇಡಿ, ಕೂತುಕೊಳ್ಳಿ. ಮಂಚದ ಮೇಲೆ ಕೂತು 'ಬಾ ಹತ್ತು' ಅನ್ನಿ. ಈ ವಯಸ್ಸಿನ ಮಕ್ಕಳಿಗೆ ಹತ್ತುವುದೇ ಆಟ. ಅವನಿಗೆ ಬೇಕಾಗಿರುವುದು ನಿಮ್ಮ ಮಡಿಲು, ನಿಮ್ಮ ತೋಳಿನ ಬಲ ಅಲ್ಲ.

ಮಗಳ ಪ್ರಶ್ನೆ ಅಷ್ಟು ಸುಲಭವಲ್ಲ. 'ಯೇಸಪ್ಪ ಬೇಗ ವಾಸಿ ಮಾಡ್ತಾನೆ' ಅಂತ ಮಾತು ಕೊಡಬೇಡಿ. ಆ ಮಾತು ನಿಮ್ಮ ಕೈಯಲ್ಲಿ ಇಲ್ಲ. ನಾಳೆ ಬೆರಳು ಮತ್ತೆ ಊದಿದಾಗ, ಅವಳು ಎರಡರಲ್ಲಿ ಒಂದು ಅಂದುಕೊಳ್ಳುತ್ತಾಳೆ. ಯೇಸಪ್ಪನಿಗೆ ಕಿವಿ ಕೇಳಿಸುವುದಿಲ್ಲ, ಇಲ್ಲವೇ ನನ್ನ ಪ್ರಾರ್ಥನೆ ಸರಿ ಇಲ್ಲ. 7 ವರ್ಷದ ಮಕ್ಕಳು ಎರಡನೆಯದನ್ನೇ ಜಾಸ್ತಿ ನಂಬುತ್ತಾರೆ. ತಾನು ಹಟ ಮಾಡಿದ್ದಕ್ಕೆ, ಅಮ್ಮನಿಗೆ ಎದುರು ಮಾತಾಡಿದ್ದಕ್ಕೆ ಕಾಯಿಲೆ ಬಂತು ಅಂದುಕೊಂಡಿರುವ ಮಕ್ಕಳನ್ನು ನಾನು ಕಂಡಿದ್ದೇನೆ. ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಹಾಗಾಗಿ ಅವಳು ಕೇಳದಿದ್ದರೂ ನೀವೇ ಹೇಳಿ: 'ಇದು ನಿನ್ನಿಂದ ಬಂದದ್ದಲ್ಲ. ನಿನಗೆ ಅಂಟುವುದೂ ಇಲ್ಲ. ಇದು ತುಂಬಾ ದಿನ ಇರುವ ಕಾಯಿಲೆ, ಮಾತ್ರೆ ತಗೊಂಡರೆ ಹತೋಟಿಯಲ್ಲಿ ಇರುತ್ತೆ.' ಯಾಕೆ ಅನ್ನುವುದಕ್ಕೆ 'ನನಗೂ ಗೊತ್ತಿಲ್ಲ ಕಂದ, ನಾನೂ ಕೇಳ್ತಾ ಇದ್ದೀನಿ' ಅನ್ನಿ. ಇದರಿಂದ ಅವಳ ವಿಶ್ವಾಸ ಕುಂದುವುದಿಲ್ಲ. ಎಷ್ಟರವರೆಗೆ ಕರ್ತನೇ ಅಂತ ಕೇಳುವ ಕೀರ್ತನೆಗಳು ಬೈಬಲ್ಲಿನಲ್ಲೇ ಇವೆ. ಒಂದನ್ನು ಅವಳ ಜೊತೆ ಕೂತು ಓದಿ. ಪ್ರಾರ್ಥನೆಯನ್ನು ಸ್ವಲ್ಪ ಚಿಕ್ಕದು ಮಾಡಿಕೊಡಿ: 'ನಾಳೆ ಅಮ್ಮನಿಗೆ ನನ್ನ ಜಡೆ ಹಾಕೋಕೆ ಆಗಲಿ.' ಆಗದ ದಿನ ಅಪ್ಪ ಹಾಕುತ್ತಾರೆ, ಸೊಟ್ಟಗೆ. ಅವಳನ್ನು ನಿಮ್ಮ ನರ್ಸ್ ಮಾಡಿಕೊಳ್ಳಬೇಡಿ. ತಮ್ಮನನ್ನು ನೋಡಿಕೊಳ್ಳುವುದು, ನೀರು ತಂದುಕೊಡುವುದು ಇರಲಿ, ನಿಮ್ಮ ಮಾತ್ರೆ ನೆನಪಿಸುವ ಭಾರ ಅವಳ ಮೇಲೆ ಬೇಡ.

ನೀವು ಬರೆಯದ ಒಂದು ವಿಷಯ ಕೇಳುತ್ತೇನೆ. ನಿದ್ದೆ ಹೇಗಿದೆ? ಊಟ ಸೇರುತ್ತಾ? ಎರಡು ವಾರಕ್ಕೂ ಮೇಲೆ ದಿನವಿಡೀ ಮಂಕು, ಯಾವುದರಲ್ಲೂ ಆಸೆ ಇಲ್ಲ, ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಕೀಲುವಾತದ ಜೊತೆ ಅದು ಬರುವುದು ಅಪರೂಪವಲ್ಲ, ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಾಗಿಲ್ಲ. ಸಭೆಯವರು ಯಾರೂ ಇಲ್ಲದ ಕಡೆ ಅಳಲು ಒಂದು ಜಾಗ ನಿಮಗೆ ಬೇಕು ಅನ್ನಿಸುತ್ತದೆ ನನಗೆ.

ಮುಂದಿನ ಸಲ ಮೈಸೂರಿಗೆ ಬರುವಾಗ ಮಗನನ್ನು ಯಾರ ಮನೆಯಲ್ಲಾದರೂ ಬಿಟ್ಟು, ಯಜಮಾನರನ್ನು ಕರೆದುಕೊಂಡು ಬನ್ನಿ. ಹೊರಗಿನ ಬೆಂಚಿನ ಮೇಲೆ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ. ಎಲ್ಲ ಸ್ಟ್ರಿಪ್ಪುಗಳು, ರಕ್ತಪರೀಕ್ಷೆಯ ಚೀಟಿಗಳು ಒಂದೇ ಫೈಲಿನಲ್ಲಿ ಇರಲಿ. ನಾಳೆ ಅಯ್ಯನವರಿಗೆ ಬೇರೆ ಊರಿಗೆ ವರ್ಗವಾದರೂ ಅದು ಬೇಕಾಗುತ್ತದೆ. ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ: ಶನಿವಾರದ ಮಾತ್ರೆಯ ದಿನ ಬದಲಿಸಬಹುದಾ, ಸ್ಟಿರಾಯ್ಡ್ ಯಾವಾಗ, ಹೇಗೆ ಇಳಿಸುವುದು, ನೋವು ಕೆರಳಿದ ದಿನ ಯಾವ ಮಾತ್ರೆ ಎಷ್ಟು, ಇನ್ನೂ ಬೆಳಿಗ್ಗೆ ಕೈ ಹಿಡಿದುಕೊಳ್ಳುತ್ತಿದೆ ಅಂದರೆ ಔಷಧಿ ಸಾಲುತ್ತಿಲ್ಲವಾ? ಈ ಕೊನೆಯದನ್ನು ಬಿಡಬೇಡಿ. ಚಿಕಿತ್ಸೆ ಸರಿಯಾಗಿ ಕೂತರೆ ಊತ ಇಳಿಯಬೇಕು, ಬೆಳಗಿನ ಬಿಗಿತ ಕಡಿಮೆಯಾಗಬೇಕು. ಆಗದಿದ್ದರೆ ಬೇರೆ ಔಷಧಿಗಳು ಇವೆ. 'ಪರವಾಗಿಲ್ಲ ಡಾಕ್ಟ್ರೇ' ಅಂತ ಹೇಳಿ ಎದ್ದು ಬರುವ ಅಭ್ಯಾಸ ನಿಮಗಿದ್ದರೆ, ಆ ದಿನ ನಿಮ್ಮ ಯಜಮಾನರೇ ಮಾತಾಡಲಿ.